ಕೆರೆ ಪಕ್ಕದ ಜಮೀನಿನಲ್ಲಿ ಮನೆ: ಅಳತೆ ಎಲ್ಲಿಂದ ಶುರು?

ಬೆಂಗಳೂರಿನ ಹೊರವಲಯದಲ್ಲಿ ನಮ್ಮ ಮನೆತನದ 8 ಗುಂಟೆ ಜಮೀನಿದೆ. ಮುಂದೆ ರಸ್ತೆ, ಹಿಂದೆ ಬಂಡಿದಾರಿ, ಅದರಾಚೆ ಕೆರೆ. ಉದ್ದ ಸುಮಾರು 200 ಅಡಿ, ಅಗಲ 40ಕ್ಕೆ ಸ್ವಲ್ಪ ಜಾಸ್ತಿ. ಅಲ್ಲಿ ಮನೆ ಕಟ್ಟಬೇಕು ಅಂದುಕೊಂಡಾಗ ಎಲ್ಲರೂ ಕೇಳಿದ್ದು ಒಂದೇ: ಕೆರೆಯಿಂದ ಎಷ್ಟು ದೂರ ಬಿಡಬೇಕು? ನನ್ನ ಪ್ರಕಾರ ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಅಳತೆ ಎಲ್ಲಿಂದ ಶುರು?

ದೂರದ ಲೆಕ್ಕ ನಮ್ಮ ಕಣ್ಣೆದುರೇ ಬದಲಾಯಿತು. 2007ರಲ್ಲಿ ಜಾರಿಗೆ ಬಂದ ಮಾಸ್ಟರ್ ಪ್ಲಾನ್ 2015ರ (2015ರವರೆಗಿನ ಬೆಂಗಳೂರಿನ ನಗರ ಯೋಜನೆ) ಪ್ರಕಾರ ಕೆರೆ ಸುತ್ತ 30 ಮೀಟರ್ ಬಫರ್, ಅಂದ್ರೆ ಏನೂ ಕಟ್ಟದೆ ಖಾಲಿ ಬಿಡಬೇಕಾದ ಜಾಗ. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 75 ಮೀಟರ್ ಮಾಡಿತು. 75 ಮೀಟರ್ ಅಂದ್ರೆ 246 ಅಡಿ. ನಮ್ಮ ಇಡೀ ಜಮೀನು ಅದರೊಳಗೇ ಹೋಯಿತು. ನಾವು ಸುಮ್ನೆ ಕಾದೆವು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು, ಮತ್ತೆ 30 ಮೀಟರ್ ಬಂತು. ಆಮೇಲೆಯೇ ನಾವು ಕಾಗದ ಪತ್ರಕ್ಕೆ ಕೈ ಹಾಕಿದ್ದು.

ಆ 30 ಮೀಟರನ್ನು ನೀರಿನ ಅಂಚಿನಿಂದ ಅಳೆಯುವಂತಿಲ್ಲ. ಕಂದಾಯ ದಾಖಲೆಯಲ್ಲಿ ಕೆರೆಯ ಸರ್ವೆ ನಂಬರಿನ ಗಡಿ ಎಲ್ಲಿದೆಯೋ ಅಲ್ಲಿಂದ ಅಳೆಯಬೇಕು. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದಿರುತ್ತದೆ, ಒಣಗಿದ ಕೆರೆಯಂಗಳದಲ್ಲಿ ದನ ಮೇಯುತ್ತಿರುತ್ತವೆ. 'ನೋಡಿ ಸಾರ್, ನೀರು ಎಷ್ಟು ದೂರ' ಅಂತ ಬ್ರೋಕರ್‌ಗಳು ತೋರಿಸುವುದು ಆಗಲೇ.

ಮೊದಲು ಸರ್ವೆ ನಂಬರುಗಳನ್ನು ನಕ್ಷೆಯ ಮೇಲೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೋಡಿದೆ. ಕೆರೆ, ಖರಾಬು (ಸಾಗುವಳಿಗೆ ಬಾರದ ಜಾಗ), ಕಾಲುವೆ, ಅಕ್ಕಪಕ್ಕದ ಸರ್ವೆ ನಂಬರ್ ಎಲ್ಲ ಕಾಣುತ್ತದೆ. ಮೊದಲ ನೋಟಕ್ಕೆ ಅದು ಸಾಕು. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಗೋಡೆ ಎಬ್ಬಿಸುವವರಿಗೆ ಅಷ್ಟು ವ್ಯತ್ಯಾಸ ತುಂಬಾ ದೊಡ್ಡದು. ಹಾಗಾಗಿ ಗ್ರಾಮ ನಕಾಶೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಅದರ ಗಡಿ ಅಳತೆಯ ಹಳೇ ನಕ್ಷೆ) ತೆಗೆಸಿದೆವು. ನಮ್ಮ ನಂಬರಿನದ್ದಷ್ಟೇ ಅಲ್ಲ, ಕೆರೆಯ ನಂಬರಿನದ್ದೂ. ಆಮೇಲೆ ಹದ್ದುಬಸ್ತಿಗೆ, ಅಂದ್ರೆ ಸರ್ವೆ ಇಲಾಖೆಯವರೇ ಬಂದು ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿದೆವು.

ಸರ್ವೆಯವರು ಬಂದ ದಿನ ಪಕ್ಕದ ಜಮೀನಿನ ತಾತನೂ ಬಂದರು. ಬಂಡಿದಾರಿಯ ಅಂಚಿನಲ್ಲಿ ಲಂಟಾನ ಪೊದೆ ದಟ್ಟವಾಗಿ ಬೆಳೆದಿತ್ತು. 'ಈಗ ನೀರು ಎಲ್ಲಿದೆ ಅಂತ ನೋಡ್ಬೇಡಪ್ಪ. ಕೋಡಿ ಬಿದ್ದಾಗ ಇಲ್ಲೀವರ್ಗೂ ಬರ್ತಿತ್ತು. ಕಲ್ಲು ಇಲ್ಲೇ ಇರ್ಬೇಕು' ಅಂದರು. ಮಚ್ಚಿನಿಂದ ಪೊದೆ ಸವರಿ, ಹಾರೆಯಿಂದ ಒಂದಡಿ ಕೆದಕಿದಾಗ ಕೆರೆಯ ಗಡಿಯ ಬಾಂದುಕಲ್ಲು ಸಿಕ್ಕಿತು, ಅರ್ಧ ವಾಲಿಕೊಂಡು. ಟಿಪ್ಪಣಿಯ ಅಳತೆಗೂ ಅದಕ್ಕೂ ತಾಳೆಯಾಯಿತು. ಆ ಕಲ್ಲಿನಿಂದ ಟೇಪ್ ಹಿಡಿದು 30 ಮೀಟರ್, ಅಂದ್ರೆ 98 ಅಡಿ ಅಳೆದೆವು. ಬಂಡಿದಾರಿ ಕಳೆದು ನಮ್ಮ ಜಮೀನಿನ ಹಿಂಭಾಗದ 80 ಅಡಿಗೂ ಜಾಸ್ತಿ ಬಫರ್‌ನಲ್ಲಿ ಬಂತು. ಅಲ್ಲಿ ಮನೆಯೂ ಇಲ್ಲ, ಶೆಡ್ಡೂ ಇಲ್ಲ ಅಂತ ಅವತ್ತೇ ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿದೆವು.

ಕೆರೆ ನೋಡಿ ಕಾಲುವೆ ಮರೆಯುವವರೇ ಜಾಸ್ತಿ. ಕಾಲುವೆಗೆ ಬೇರೆ ಲೆಕ್ಕ ಇದೆ: ಪ್ರಾಥಮಿಕ ರಾಜಕಾಲುವೆಗೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15, ಅದೂ ಕಾಲುವೆಯ ನಡುಮಧ್ಯದಿಂದ. ಗ್ರಾಮ ನಕಾಶೆಯಲ್ಲಿ ತಾತನ ಹೊಲದ ಆಚೆ ಒಂದು ಹಳ್ಳ ಇತ್ತು. ಈಗ ನೆಲದ ಮೇಲೆ ಅದು ಬರೀ ಹುಲ್ಲು ಬೆಳೆದ ತಗ್ಗು. ಆದರೆ ನಕಾಶೆಯಲ್ಲಿ ಇದೆ ಅಂದ್ರೆ ಇದೆ ಅಂತಲೇ ಲೆಕ್ಕ. ಅದು ತೃತೀಯ ದರ್ಜೆಯದ್ದು ಅಂತ ಖಾತ್ರಿ ಮಾಡಿಕೊಂಡು ಅಳೆಸಿದೆವು. 15 ಮೀಟರ್ ತಾತನ ಹೊಲದಲ್ಲೇ ಮುಗಿಯಿತು. 2016ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ಕಾಲುವೆ ಮೇಲಿನ ಮನೆಗಳನ್ನು ಜೆಸಿಬಿ ಕೆಡವಿದಾಗ, ಖಾತೆ, ಮಂಜೂರಾದ ಪ್ಲಾನ್, ಬ್ಯಾಂಕ್ ಸಾಲ ಎಲ್ಲ ಇದ್ದವರೂ ಬೀದಿಗೆ ಬಂದಿದ್ದರು. ಅವರ ಸಂಕಟ ನೋಡಿದ ಮೇಲೆ ಖಾತೆ ಇದೆ ಅಂತ ನೆಮ್ಮದಿಯಾಗಿರಲು ನನಗೆ ಆಗಲಿಲ್ಲ.

ಉಳಿದ ದಾರಿ ಎಲ್ಲರಿಗೂ ಇರುವುದೇ. ಮಾಸ್ಟರ್ ಪ್ಲಾನ್‌ನಲ್ಲಿ ಜಾಗ ವಸತಿ ವಲಯದಲ್ಲಿದೆಯಾ ಅಂತ ನೋಡಿದೆವು. ಭೂಕಂದಾಯ ಕಾಯ್ದೆಯ 95ನೇ ಕಲಂ ಕೆಳಗೆ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ), ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಿಂದ (ಬಿಡಿಎ) ಏಕ ನಿವೇಶನಕ್ಕೆ ಅನುಮೋದನೆ, ಖಾತೆ, ಕೊನೆಗೆ ಪ್ಲಾನ್ ಮಂಜೂರಾತಿ. ಎಲ್ಲ ಕಡೆಯೂ ಸರ್ವೆ ನಕ್ಷೆಯಲ್ಲಿ ಬಫರ್ ಗೆರೆಯನ್ನು ನಾವೇ ಕೆಂಪು ಬಣ್ಣದಲ್ಲಿ ತೋರಿಸಿ ಲಗತ್ತಿಸಿದೆವು. 'ಇದನ್ನ ಯಾಕೆ ಎತ್ತಿ ತೋರಿಸ್ತೀರಾ' ಅಂತ ಒಬ್ಬ ಏಜೆಂಟ್ ಕೇಳಿದ. ಮುಚ್ಚಿಟ್ಟು ಪಡೆದ ಮಂಜೂರಾತಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅಲ್ವಾ?

ಪಾಯ ತೆಗೆದಾಗ ಜೌಗು ಮಣ್ಣು ಸಿಕ್ಕಿತು, ಗುಂಡಿಯಲ್ಲಿ ನೀರು ಒಸರುತ್ತಿತ್ತು. ಮಣ್ಣು ಪರೀಕ್ಷೆ ಮೊದಲೇ ಮಾಡಿಸಿದ್ದರಿಂದ ಎಂಜಿನಿಯರ್ ಪಾಯದ ವಿನ್ಯಾಸ ಅದಕ್ಕೆ ತಕ್ಕಂತೆ ಮಾಡಿದ್ದರು. ನೆಲಗಟ್ಟನ್ನು ರಸ್ತೆಗಿಂತ ಎತ್ತರಿಸಿದೆವು. ಕೊಳಚೆ ಒಂದು ಹನಿಯೂ ಕೆರೆ ಕಡೆ ಹರಿಯದಂತೆ ಪೈಪನ್ನೆಲ್ಲ ಮುಂಭಾಗಕ್ಕೆ ತಿರುಗಿಸಿದೆವು.

2025ರ ಆಗಸ್ಟ್‌ನಲ್ಲಿ ವಿಧಾನಮಂಡಲ, ಕೆರೆಯ ವಿಸ್ತೀರ್ಣ ನೋಡಿ ಬಫರ್ ಕಡಿಮೆ ಮಾಡುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ನನಗೆ ಅದು ಇಷ್ಟವಾಗಲಿಲ್ಲ. ಚಿಕ್ಕ ಕೆರೆಗಳೇ ಮೊದಲು ಮುಚ್ಚಿಹೋಗುವುದು. ನಾವು ಬಿಟ್ಟ ಜಾಗವನ್ನು ಹಾಗೇ ಬಿಟ್ಟಿದ್ದೇವೆ. ತಾತನ ಮಕ್ಕಳು ಈಗ ಅವರ ಹೊಲದಲ್ಲಿ ಮನೆ ಕಟ್ಟಬೇಕು ಅಂತಿದ್ದಾರೆ. ಅವರಿಗೆ ಕೆರೆಯ ಬಫರ್ ಜೊತೆಗೆ ಹಳ್ಳದ್ದೂ ಬರುತ್ತದೆ. ನಮ್ಮ ಹತ್ತಿರ ಇದ್ದ ಕೆರೆಯ ಟಿಪ್ಪಣಿ, ಗ್ರಾಮ ನಕಾಶೆಯ ಪ್ರತಿಗಳನ್ನು ಅವರಿಗೆ ಕೊಟ್ಟು, ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿ ಅಂತ ಹೇಳಿದ್ದೇನೆ.