ರಿವಾಲ್ವರಿಗೆ ಅಗ್ಗದ ಸೀಸದ ತೋಟೆ ಆರಿಸುವುದು ಹೇಗೆ?

ಹೋದ ತಿಂಗಳು ಇಲ್ಲಿ ಟೆಕ್ಸಾಸಿನ ಶೂಟಿಂಗ್ ರೇಂಜ್‌ನಲ್ಲಿ ನಮ್ಮ ಕನ್ನಡ ಕೂಟದ ಗೆಳೆಯರೊಬ್ಬರು ಸಿಕ್ಕಿದ್ದರು. ಕೈಯಲ್ಲಿ ಹಗುರವಾದ, ಐದು ತೋಟೆಯ ಪುಟ್ಟ ರಿವಾಲ್ವರ್. ಮೂರು ಗುಂಡು ಹಾರಿದವು. ನಾಲ್ಕನೆಯದಕ್ಕೆ ಕುದುರೆ ಎಳೆದರೆ ಅಲ್ಲಾಡಲೇ ಇಲ್ಲ. ತೋಟೆ ತುಂಬುವ ಸಿಲಿಂಡರ್ ತಿರುಗದೆ ಕಚ್ಚಿಕೊಂಡು ನಿಂತಿತ್ತು. "ಗನ್ನೇ ಸರಿ ಇಲ್ಲ ಮಾರಾಯ್ರೇ" ಅಂದರು. ಗನ್ ಸರಿಯಾಗೇ ಇತ್ತು. ಅಗ್ಗದ ತೋಟೆ ತಂದಿದ್ದರು, ಅದೂ ತಪ್ಪಲ್ಲ. ಆ ತೋಟೆಯನ್ನು ಆ ಗನ್ನಿನಲ್ಲಿ ಒಂದು ಸಲವೂ ಹೊಡೆದು ನೋಡದೆ, ಮನೆ ಕಾಯಲು ಇದೇ ಸಾಕು ಅಂತ ಆರು ತಿಂಗಳು ನೆಮ್ಮದಿಯಾಗಿ ಮಲಗಿದ್ದರಲ್ಲ, ತಪ್ಪು ಅದು.

1. ಕೊಳ್ಳುವ ಹಕ್ಕು ನಿಮಗಿದೆಯೇ?

ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಗನ್ ಮಾತ್ರವಲ್ಲ, ಒಂದೇ ಒಂದು ತೋಟೆಯನ್ನೂ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿ ಕೂರಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ನ್ಯೂಜೆರ್ಸಿಯಲ್ಲಿ ಇನ್ನೊಂದು ತೊಡಕು. ಅಲ್ಲಿ ಹಾಲೋ ಪಾಯಿಂಟ್ ತೋಟೆಯನ್ನು, ಅಂದರೆ ಗುಂಡಿನ ತುದಿ ಟೊಳ್ಳಾಗಿರುವುದನ್ನು, ಮನೆಯಲ್ಲಿ ಇಟ್ಟುಕೊಳ್ಳಬಹುದು, ರೇಂಜ್‌ಗೂ ಒಯ್ಯಬಹುದು. ಸುಮ್ನೆ ಕಾರಿನಲ್ಲಿ ಹಾಕಿಕೊಂಡು ಊರೂರು ತಿರುಗುವಂತಿಲ್ಲ.

2. ಪೆಟ್ಟಿಗೆಯ ಮೇಲೆ ಏನು ಬರೆದಿದೆ, ಪೂರ್ತಿ ಓದಿ

ಇಂಥ ಪುಟ್ಟ .38 ರಿವಾಲ್ವರಿಗೆ ಬೇಕಾದ್ದು .38 ಸ್ಪೆಷಲ್ ತೋಟೆ. 1898ರಲ್ಲಿ ಹುಟ್ಟಿದ ಅಳತೆ ಇದು. ಹೆಸರಿಗೆ .38, ಗುಂಡಿನ ಅಗಲ ಮಾತ್ರ .357 ಇಂಚು. ಬರೀ ಸೀಸದ ಗುಂಡಾದರೆ .358. ಆದ್ದರಿಂದಲೇ .357 ಮ್ಯಾಗ್ನಮ್ ಗನ್ನಿನಲ್ಲಿ .38 ಸ್ಪೆಷಲ್ ಹೊಡೆಯಬಹುದು. ತಿರುಗಾಮುರುಗಾ ಆಗದು. ".38 ಎಸ್ ಆ್ಯಂಡ್ ಡಬ್ಲ್ಯು" ಅಂತ ಇನ್ನೊಂದು ಪೆಟ್ಟಿಗೆ ಪಕ್ಕದಲ್ಲೇ ಇರುತ್ತದೆ. ಅದು ಗಿಡ್ಡ, ದಪ್ಪ, ಬೇರೆಯದೇ ತೋಟೆ. ನಾನೂ ಒಮ್ಮೆ ಅವಸರದಲ್ಲಿ ಅದನ್ನೇ ಮನೆಗೆ ತಂದವನು.

ಆಮೇಲೆ ಗುಂಡಿನ ತೂಕ. 158 ಗ್ರೇನ್, ಅಂದರೆ ಹತ್ತು ಗ್ರಾಂ ಚಿಲ್ಲರೆ. ಬಗೆ ಎಲ್‌ಎಸ್‌ಡಬ್ಲ್ಯುಸಿ-ಎಚ್‌ಪಿ (LSWC-HP, ಚಪ್ಪಟೆ ಮೂತಿಯ, ತುದಿ ಟೊಳ್ಳಾದ ಸೀಸದ ಗುಂಡು) ಅಂತಲೋ, ಲೆಡ್ ಹಾಲೋ ಪಾಯಿಂಟ್ ಅಂತಲೋ ಇರಬೇಕು. ಎಲ್‌ಆರ್‌ಎನ್ (LRN) ಅಂತಿದ್ದರೆ ಅದು ಬರೀ ದುಂಡನೆ ಮೂತಿಯ ಸೀಸದ್ದು. ಅದರ ತುದಿಯಲ್ಲಿ ಟೊಳ್ಳು ಇರುವುದಿಲ್ಲ. ಅಭ್ಯಾಸಕ್ಕೆ ಸಾಕು.

ಕೊನೆಗೆ ಪ್ಲಸ್ ಪಿ (+P), ಅಂದರೆ ಹೆಚ್ಚು ಒತ್ತಡದ ತೋಟೆ. ಮಾಮೂಲಿ .38 ಸ್ಪೆಷಲ್‌ನ ಒತ್ತಡದ ಮಿತಿ 17,000 ಪಿಎಸ್‌ಐ, ಪ್ಲಸ್ ಪಿಗೆ 20,000. ನಿಮ್ಮ ಗನ್ನಿನ ನಳಿಗೆ ಮೇಲೆ ಪ್ಲಸ್ ಪಿ ಅಂತ ಕೆತ್ತಿಲ್ಲವೇ? ಕೈಪಿಡಿಯಲ್ಲೂ ಇಲ್ಲವೇ? ಹಾಗಾದರೆ ಆ ಪೆಟ್ಟಿಗೆ ಮುಟ್ಟಬೇಡಿ.

3. ಸೀಸವೇ ಯಾಕೆ?

ಅಗ್ಗ ಅನ್ನುವುದು ಒಂದೇ ಕಾರಣ ಅಲ್ಲ. ಎರಡಿಂಚಿನ ನಳಿಗೆಯಿಂದ ಈ ಭಾರದ ಗುಂಡು ಹೊರಡುವುದು ಸೆಕೆಂಡಿಗೆ 800 ಅಡಿ ಆಸುಪಾಸು ವೇಗದಲ್ಲಿ. ಅಷ್ಟು ನಿಧಾನದಲ್ಲಿ ತಾಮ್ರದ ಹೊದಿಕೆಯ ಎಷ್ಟೋ ಹಾಲೋ ಪಾಯಿಂಟ್‌ಗಳು ಅರಳುವುದೇ ಇಲ್ಲ. ಮೆತ್ತನೆ ಸೀಸಕ್ಕೆ ಹೊದಿಕೆಯ ತಡೆ ಇಲ್ಲ. ಅಣಬೆಯಂತೆ ಸುಲಭವಾಗಿ ಅರಳುತ್ತದೆ. ಅರಳಿದ ಗುಂಡು ಗುರಿಯನ್ನು ದಾಟಿ ಮುಂದೆ ಹೋಗುವ ಸಂಭವ ಕಡಿಮೆ. ಮರದ ಪಟ್ಟಿ, ಡ್ರೈವಾಲ್ ಹಾಳೆಯ ಗೋಡೆಯ ಆಚೆ ಮಕ್ಕಳು ಮಲಗುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ. 1970ರ ದಶಕದಲ್ಲಿ ಎಫ್‌ಬಿಐ ಏಜೆಂಟರು ಈ ಸೀಸದ ಹಾಲೋ ಪಾಯಿಂಟ್‌ನ ಪ್ಲಸ್ ಪಿ ತೋಟೆಯನ್ನೇ ಬಳಸುತ್ತಿದ್ದರು. ಅದಕ್ಕೇ ಹಳಬರು ಇಂದಿಗೂ ಇದನ್ನು ಎಫ್‌ಬಿಐ ಲೋಡ್ ಅನ್ನುತ್ತಾರೆ.

ಬೆಲೆ ಹೋಲಿಸುವಾಗ ಪೆಟ್ಟಿಗೆಯ ದರ ನೋಡಬೇಡಿ, ಒಂದು ತೋಟೆಗೆ ಎಷ್ಟು ಬಿತ್ತು ನೋಡಿ. ಹೊಳೆಯುವ ಪೆಟ್ಟಿಗೆಯ ದುಬಾರಿ ಮಾಲು 20 ಅಥವಾ 25ರ ಲೆಕ್ಕದಲ್ಲಿ ಬರುತ್ತದೆ. ಸಾದಾ ಸೀಸದ್ದು ಸಾಮಾನ್ಯವಾಗಿ 50. ಸಂತೆಯಂಥ ಗನ್ ಶೋಗಳಲ್ಲಿ ಜಿಪ್ ಚೀಲಕ್ಕೆ ತುಂಬಿ ಮಾರುವ, ಮನೆಯಲ್ಲೇ ಮರುತುಂಬಿದ ತೋಟೆ ಇನ್ನೂ ಅಗ್ಗ. ಬೇಡ. ಯಾರು ಎಷ್ಟು ಮದ್ದು ಹಾಕಿದರೋ ಬಲ್ಲವರು ಯಾರು?

4. ಐದನೆಯ ತೋಟೆಯ ಪರೀಕ್ಷೆ

ಎಲ್ಲರೂ ಎಡವುವುದು ಇಲ್ಲೇ. ತೋಟೆಯ ಹಿತ್ತಾಳೆ ಚಿಪ್ಪು ಗುಂಡನ್ನು ಹಿಡಿದಿಡುವುದು ಬಾಯಿಯ ಅಂಚಿನಿಂದ. ಆ ಅಂಚನ್ನು ಗುಂಡಿನ ಸುತ್ತಲಿನ ಗೀರಿನೊಳಕ್ಕೆ ಮಡಚಿರುತ್ತಾರೆ. ಇದಕ್ಕೆ ಕ್ರಿಂಪ್ ಅನ್ನುತ್ತಾರೆ. ಒಂದು ತೋಟೆ ಸಿಡಿದಾಗ ಇಡೀ ಗನ್ ಹಿಂದಕ್ಕೆ ಒದೆಯುತ್ತದೆ, ಉಳಿದ ತೋಟೆಗಳ ಚಿಪ್ಪನ್ನೂ ಎಳೆದುಕೊಂಡು ಹೋಗುತ್ತದೆ. ಭಾರದ ಗುಂಡು ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಬಸ್ಸು ಗಕ್ಕನೆ ಹೊರಟಾಗ ನಿಂತವರು ಹಿಂದೆ ಉಳಿದುಬಿಡುತ್ತಾರಲ್ಲ, ಹಾಗೆ. ಸೀಸ ನುಣುಪು. ಕ್ರಿಂಪ್ ಸಡಿಲವಿದ್ದರೆ ಪ್ರತಿ ಏಟಿಗೂ ಗುಂಡು ಚೂರು ಚೂರು ಹೊರಗೆ ಜರುಗುತ್ತದೆ. ಮೂತಿ ಸಿಲಿಂಡರಿನಿಂದ ಹೊರಬಂದು ಚೌಕಟ್ಟಿಗೆ ತಾಗಿತೋ, ಸಿಲಿಂಡರ್ ತಿರುಗುವುದಿಲ್ಲ. ಪಿಸ್ತೂಲಿನ ಹಾಗೆ ಎಳೆದು ತಟ್ಟಿ ಸರಿಮಾಡಲು ಆಗುವುದಿಲ್ಲ.

ಗನ್ ಹಗುರವಾದಷ್ಟೂ ಇದರ ಕಾಟ ಜಾಸ್ತಿ. ಅರ್ಧ ಕಿಲೋ ಮೀರಿದ ಉಕ್ಕಿನ ರಿವಾಲ್ವರಿನಲ್ಲಿ ತೊಂದರೆ ಕೊಡದ ತೋಟೆಯೇ 350 ಗ್ರಾಂನದರಲ್ಲಿ ಕೈಕೊಡಬಹುದು. ಕೆಲವು ಅತಿ ಹಗುರ ಮಾಡೆಲ್‌ಗಳ ಕೈಪಿಡಿಯಲ್ಲೇ ಹೊದಿಕೆಯಿಲ್ಲದ ಸೀಸ ಬೇಡ ಅಂತ ಬರೆದಿರುತ್ತದೆ. ಹಾಗೆ ಬರೆದಿದ್ದರೆ ನಿಮಗೆ ಈ ಲೇಖನ ಇಲ್ಲಿಗೆ ಮುಗಿಯಿತು.

ಪರೀಕ್ಷೆಯನ್ನು ರೇಂಜ್‌ನಲ್ಲೇ ಮಾಡಿ. ಪೆಟ್ಟಿಗೆಯಿಂದ ಐದು ತೋಟೆ ತೆಗೆಯಿರಿ. ಮೊದಲು ಚಿಪ್ಪಿನ ಬಾಯಿಯನ್ನು ಬೆರಳಿನಿಂದ ಸವರಿ. ಅಂಚು ಚೂಪಾಗಿ ತಡೆದರೆ, ಅಲ್ಲಿ ಉಗುರು ಸಿಕ್ಕಿಕೊಂಡರೆ, ಕ್ರಿಂಪ್ ನೆಟ್ಟಗಿಲ್ಲ ಅಂತ ಅನುಮಾನ ಪಡಿ. ಒಂದು ತೋಟೆಯ ಬುಡಕ್ಕೆ ಮಾರ್ಕರ್‌ನಿಂದ ಚುಕ್ಕೆ ಇಡಿ. ವರ್ನಿಯರ್ ಕ್ಯಾಲಿಪರ್‌ನಿಂದ ಅದರ ಉದ್ದ ಅಳೆದು ಬರೆದುಕೊಳ್ಳಿ. ಕ್ಯಾಲಿಪರ್ ಇಲ್ಲದಿದ್ದರೆ ಸೀಸ ಮತ್ತು ಹಿತ್ತಾಳೆ ಸೇರುವ ಗೆರೆಯ ಫೋನ್ ಫೋಟೋ, ಹತ್ತಿರದಿಂದ. ಚುಕ್ಕೆಯದು ಕೊನೆಗೆ ಬರುವಂತೆ ತುಂಬಿ. ನಾಲ್ಕು ಹೊಡೆಯಿರಿ. ಐದನೆಯದನ್ನು ಹೊರತೆಗೆದು ಮತ್ತೆ ಅಳೆಯಿರಿ.

ಉದ್ದ ಬದಲಾಗದಿದ್ದರೆ ಅದೇ ತೋಟೆಯನ್ನು ಇನ್ನೊಂದು ಸಲ ಕೊನೆಗೆ ಹಾಕಿ ನಾಲ್ಕು ಹೊಡೆಯಿರಿ. ಎರಡೂ ಸಲ ಅಲ್ಲಾಡದಿದ್ದರೆ ಪಾಸ್. ಕಣ್ಣಿಗೆ ಕಾಣುವಷ್ಟು ಜರುಗಿದ್ದರೆ ಆ ಕಂಪನಿಯ ತೋಟೆ ಆ ಗನ್ನಿಗೆ ಬೇಡ. ಕೈ ಹಿಡಿತ ಬಿಗಿಮಾಡಿದರೆ ಸರಿಹೋಗುತ್ತದೆ ಅಂತ ಅಂಗಡಿಯವನೊಬ್ಬ ನನಗೆ ಹೇಳಿದ್ದ. ಅದನ್ನು ನೆಚ್ಚಿಕೊಂಡು ಕೂರಬೇಡಿ.

ಫೇಲಾದರೆ? 148 ಗ್ರೇನಿನ ವಾಡ್‌ಕಟರ್ ತನ್ನಿ. ಡಬ್ಬಿಯಂತೆ ಚಪ್ಪಟೆ ಮೂತಿ, ಮೆಲ್ಲನೆಯ ಒದೆತ. ಗುರಿ ಅಭ್ಯಾಸಕ್ಕೆ ಮಾಡಿದ ತೋಟೆ, ಅರಳುವುದಿಲ್ಲ, ನಿಜ. ಆದರೂ ಮಣಿಕಟ್ಟು ಸೋಲುವವರಿಗೆ ನಾನು ಕೊಡಿಸುವುದು ಇದನ್ನೇ. ಅರಳುವ ಗುಂಡು ಗೋಡೆಗೆ ಬೀಳುವುದಕ್ಕಿಂತ ಅರಳದ್ದು ಗುರಿಗೆ ಬೀಳುವುದು ಮೇಲು.

5. ಸೀಸ ಬಳಿದುಕೊಂಡ ನಳಿಗೆ

ಹೊದಿಕೆಯಿಲ್ಲದ ಗುಂಡು ನಳಿಗೆಯ ಬುಡದಲ್ಲಿ ಬೂದು ಪದರ ಬಿಟ್ಟುಹೋಗುತ್ತದೆ. ಕೊನೆಗೆ ನಾಲ್ಕು ತಾಮ್ರದ ಹೊದಿಕೆಯ ಗುಂಡು ಹೊಡೆದರೆ ಎಲ್ಲ ಗುಡಿಸಿಕೊಂಡು ಹೋಗುತ್ತದೆ ಅನ್ನುವ ಅಡ್ಡದಾರಿ ಬಹಳ ಜನಪ್ರಿಯ. ಸೀಸ ಕಟ್ಟಿದ ನಳಿಗೆಯಲ್ಲಿ ಹಾಗೆ ಮಾಡಿದರೆ ಒತ್ತಡ ಏರುತ್ತದೆ, ದಯವಿಟ್ಟು ಬೇಡ. ಪಾತ್ರೆ ತಿಕ್ಕುವ ತಾಮ್ರದ ಜುಂಗಿನಿಂದ ನಾಲ್ಕೆಳೆ ಕತ್ತರಿಸಿ, ಹಳೇ ಬ್ರಷ್‌ಗೆ ಸುತ್ತಿ, ನಳಿಗೆಯಲ್ಲಿ ಹತ್ತು ಸಲ ಆಡಿಸಿ. ಬೆಳ್ಳಿ ಚಕ್ಕೆಯಂತೆ ಸೀಸ ಉದುರುತ್ತದೆ. ಜುಂಗಿಗೆ ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಅದು ತಾಮ್ರದ ಬಣ್ಣ ಬಳಿದ ಉಕ್ಕು, ನಳಿಗೆ ಗೀರುತ್ತದೆ. ನಾನು ಮೊದಲು ತಂದ ಅಗ್ಗದ ಪ್ಯಾಕೆಟ್ ಪೂರ್ತಿ ಅಂಟಿತ್ತು.

.357 ಗನ್ ಇದ್ದವರು ಸಿಲಿಂಡರಿನ ತೂತುಗಳನ್ನೂ ತಿಕ್ಕಿ. ಗಿಡ್ಡ .38 ತೋಟೆ ಒಳಗೆ ಉಂಗುರದಂತೆ ಮಸಿ ಕಟ್ಟಿಸುತ್ತದೆ. ಆಮೇಲೆ ಉದ್ದದ ತೋಟೆ ಕೂರುವುದಿಲ್ಲ.

ಕೈ ತೊಳೆಯದೆ ಏನೂ ತಿನ್ನಬೇಡಿ. ತಣ್ಣೀರು, ಸೋಪು. ರೇಂಜ್‌ಗೆ ಹಾಕಿದ ಬಟ್ಟೆ ಮಕ್ಕಳ ಬಟ್ಟೆಯ ಜೊತೆ ಮೆಷಿನ್‌ಗೆ ಹಾಕಬೇಡಿ.

6. ಇಡುವುದು

ಗನ್ ಬೀಗದ ಪೆಟ್ಟಿಗೆಯಲ್ಲಿ. ಪಾಸಾದ ತೋಟೆಯ ಪೆಟ್ಟಿಗೆ ಮೇಲೆ ತಾರೀಕು, ಯಾವ ಗನ್ನಿಗೆ ಅನ್ನುವುದು ಬರೆದಿಡಿ. ಮತ್ತೆ ಮತ್ತೆ ತುಂಬಿ ತೆಗೆದ ತೋಟೆಯನ್ನು ಮುಂದಿನ ಅಭ್ಯಾಸದಲ್ಲೇ ಹೊಡೆದು ಮುಗಿಸಿ.

ಇನ್ನೊಂದು ಮಾತು. ರೇಂಜ್‌ಗೆ ಒಯ್ಯುವ ಬ್ಯಾಗೇ ಬೇರೆ ಇರಲಿ. ಅದೇ ಬ್ಯಾಗಿನಲ್ಲಿ ಬಟ್ಟೆ ತುಂಬಿ ಊರಿಗೆ ಹೊರಟು, ಮೂಲೆಯಲ್ಲಿ ಮರೆತ ಒಂದು ತೋಟೆ ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯ ಕೇಸು. ಬೇರೆ ಬ್ಯಾಗ್ ಇಲ್ಲದಿದ್ದರೆ ಪ್ರತಿ ಜೇಬನ್ನೂ ಒಳಹೊರಗೆ ತಿರುವಿ, ತಲೆಕೆಳಗು ಮಾಡಿ ಒದರಿ.