ಇನ್ನೊಬ್ಬರ ಹಣ, ಇನ್ನೊಬ್ಬರ ಊರು: ಸ್ವಯಂಸೇವಾ ಸಂಸ್ಥೆಯ ಹೊಣೆ ಹೊರಲು ಓದುವಾಗಲೇ ಸಿದ್ಧರಾಗುವುದು ಹೇಗೆ

ಸಮಾಜಕಾರ್ಯ, ಅಭಿವೃದ್ಧಿ ಅಧ್ಯಯನ ಅಥವಾ ಗ್ರಾಮೀಣ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಓದಿದವರು ಸ್ವಯಂಸೇವಾ ಸಂಸ್ಥೆ ಸೇರಿದ ನಾಲ್ಕೈದು ವರ್ಷಗಳಲ್ಲೇ ಯೋಜನಾ ಸಂಯೋಜಕರಾಗುವುದು, ಸಂಸ್ಥೆ ಚಿಕ್ಕದಾಗಿದ್ದರೆ ಅದರ ಕಾರ್ಯದರ್ಶಿಗೆ ಬಲಗೈಯಾಗಿ ನಿಲ್ಲುವುದು ನಮ್ಮಲ್ಲಿ ಅಪರೂಪವೇನಲ್ಲ. ಆಗ ಅವರ ಮೇಜಿನ ಮುಂದೆ ಬಂದು ನಿಲ್ಲುವ ಪ್ರಶ್ನೆಗಳಿಗೂ ಪರೀಕ್ಷೆಯಲ್ಲಿ ಬರೆದ ಉತ್ತರಗಳಿಗೂ ನಂಟು ಕಡಿಮೆ. ಯೋಜನೆಗೆ ಹಣ ಕೊಡುವ ಕಂಪನಿಯ ಎರಡನೆಯ ಕಂತು ಬಂದಿಲ್ಲ, ಈ ತಿಂಗಳ ಸಂಬಳವನ್ನು ಯಾವುದರಿಂದ ಕೊಡುವುದು? ಟ್ರಸ್ಟಿಯೊಬ್ಬರು ತಮ್ಮ ಅಳಿಯನ ಜೀಪನ್ನೇ ಬಾಡಿಗೆಗೆ ಹಿಡಿಯಿರಿ ಎನ್ನುತ್ತಿದ್ದಾರೆ, ಅವರಿಗೆ ಏನು ಹೇಳುವುದು? ಮೂರು ವರ್ಷ ನಡೆಸಿದ ಸಂಜೆ ಶಾಲೆಯನ್ನು ಯೋಜನೆ ಮುಗಿಯಿತೆಂದು ಮುಚ್ಚುವಾಗ ಆ ಊರಿನವರಿಗೆ ಯಾರು ಹೋಗಿ ಹೇಳುವುದು?

ಅಂಗಡಿಯಲ್ಲಿ ದುಡ್ಡು ಕೊಡುವವನೇ ಸಾಮಾನು ಒಯ್ಯುತ್ತಾನೆ. ಸಾಮಾನು ಕೆಟ್ಟಿದ್ದರೆ ಮರುದಿನ ಬಂದು ಜಗಳವಾಡುತ್ತಾನೆ. ಸ್ವಯಂಸೇವಾ ಸಂಸ್ಥೆಯಲ್ಲಿ ದುಡ್ಡು ಕೊಡುವವರು ಬೆಂಗಳೂರಿನಲ್ಲಿರುತ್ತಾರೆ, ಅದರ ಪ್ರಯೋಜನ ಪಡೆಯುವವರು ಯಾದಗಿರಿಯ ಹಳ್ಳಿಯಲ್ಲಿರುತ್ತಾರೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿರುವುದಿಲ್ಲ. ಕೆಲಸ ಕೆಟ್ಟರೆ ಜಗಳವಾಡಲು ಯಾರೂ ಬರುವುದಿಲ್ಲವಾದ್ದರಿಂದ, ಕೇಳುವವರಿಲ್ಲದಿದ್ದರೂ ಲೆಕ್ಕ ಒಪ್ಪಿಸುವ ಅಭ್ಯಾಸವೇ ಇಲ್ಲಿ ನಾಯಕತ್ವದ ಮುಖ್ಯ ಭಾಗವೆಂದು ನಾನು ತಿಳಿದಿದ್ದೇನೆ. ಮುಂದಿನ ಸಲಹೆಗಳೆಲ್ಲ ಆ ಅಭ್ಯಾಸವನ್ನು ಎರಡು ವರ್ಷದ ಓದಿನಲ್ಲೇ ಆರಂಭಿಸುವುದು ಹೇಗೆ ಎಂಬುದನ್ನು ಕುರಿತವು.

ಕ್ಷೇತ್ರಕಾರ್ಯಕ್ಕೆ ಸಂಸ್ಥೆಯನ್ನು ಆರಿಸುವಾಗ

ವಾರಕ್ಕೆ ಎರಡು ದಿನದ ಕ್ಷೇತ್ರಕಾರ್ಯ, ಗ್ರಾಮೀಣ ಶಿಬಿರ, ಕೊನೆಗೊಂದು ಪೂರ್ಣಾವಧಿ ತರಬೇತಿ, ಇವು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಪಠ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಇರುತ್ತವೆ. ಪ್ರಮಾಣಪತ್ರದಲ್ಲಿ ದೊಡ್ಡ ಹೆಸರಿರಲಿ ಎಂದು ವಿದ್ಯಾರ್ಥಿಗಳು ಹೆಸರಾಂತ ಸಂಸ್ಥೆಗಳಿಗೇ ಅರ್ಜಿ ಹಾಕುತ್ತಾರೆ. ಆದರೆ ದೊಡ್ಡ ಸಂಸ್ಥೆಯಲ್ಲಿ ಲೆಕ್ಕಪತ್ರ ಒಂದು ಮಹಡಿಯಲ್ಲಿ, ದಾನಿಗಳ ಜೊತೆಗಿನ ವ್ಯವಹಾರ ಇನ್ನೊಂದರಲ್ಲಿ ನಡೆಯುತ್ತದೆ. ವಿದ್ಯಾರ್ಥಿ ಕಾಣುವುದು ತಾನು ಕುಳಿತ ಕೋಣೆಯನ್ನು ಮಾತ್ರ. ಹತ್ತು ಹನ್ನೆರಡು ಜನರ, ತಾಲ್ಲೂಕು ಕೇಂದ್ರದಲ್ಲಿರುವ ಸಂಸ್ಥೆಯಲ್ಲಿ ಒಂದು ಸೆಮಿಸ್ಟರ್ ಕಳೆದರೆ ಅದರ ಒಳಹೊರಗೆಲ್ಲ ತಿಳಿಯುತ್ತದೆ.

ಅಲ್ಲಿಗೆ ಹೋದ ಮೊದಲ ವಾರವೇ ಮೇಲ್ವಿಚಾರಕರಲ್ಲಿ ತಿಂಗಳ ಕೊನೆಯ ಎರಡು ದಿನ ಲೆಕ್ಕಿಗರ ಪಕ್ಕದಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳಿ. ಕ್ಷೇತ್ರ ಕಾರ್ಯಕರ್ತೆಯರು ತಂದ ವೋಚರುಗಳು ಮೇಜಿನ ಮೇಲೆ ಬೀಳುವ ದಿನಗಳವು. ಒಂದನ್ನು ಎತ್ತಿ ನೋಡಿ: ಹಳ್ಳಿಯ ಮಹಿಳಾ ಸಂಘದ ಸಭೆಗೆ ಚಹಾ, ಬಿಸ್ಕತ್ತು, 340 ರೂಪಾಯಿ. ಜೊತೆಗೆ ಬಿಲ್ಲಿಲ್ಲ, ಏಕೆಂದರೆ ಆ ಹಳ್ಳಿಯ ಹೋಟೆಲಿನಲ್ಲಿ ಬಿಲ್ ಪುಸ್ತಕವೇ ಇಲ್ಲ. ದಾನಿಯ ಷರತ್ತಿನಲ್ಲಿ ಅಂಗಡಿಯ ಬಿಲ್ ಕಡ್ಡಾಯವೆಂದಿದೆ. ಈಗ ಕಾರ್ಯಕರ್ತೆಯ ಮುಂದಿರುವ ದಾರಿಗಳು ಎರಡೇ: ಆ ಹಣವನ್ನು ತನ್ನ ಕೈಯಿಂದ ಹಾಕಿಕೊಳ್ಳುವುದು, ಅಥವಾ ಪೇಟೆಯ ಪರಿಚಯದ ಅಂಗಡಿಯಿಂದ ಬಿಲ್ ಬರೆಸಿ ತರುವುದು. ಪ್ರಾಮಾಣಿಕಳಾದ ಒಬ್ಬ ಹುಡುಗಿಯನ್ನು ಸಂಸ್ಥೆಯ ನಿಯಮವೇ ಸುಳ್ಳಿನ ಕಡೆಗೆ ತಳ್ಳುತ್ತಿರುವುದನ್ನು ಗಮನಿಸಿ. ಇಂತಿಷ್ಟು ರೂಪಾಯಿಯೊಳಗಿನ ಬಿಲ್ಲಿಲ್ಲದ ಖರ್ಚಿಗೆ ಸಂಘದ ಅಧ್ಯಕ್ಷೆ ಸಹಿ ಮಾಡಿದ ವೋಚರ್ ಸಾಕೆಂದು ಆಡಳಿತ ಮಂಡಳಿಯಲ್ಲಿ ನಿರ್ಣಯ ಮಾಡಿಸಿ, ದಾನಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಮುಖ್ಯಸ್ಥರ ಕೆಲಸ. ನೀವು ವಿದ್ಯಾರ್ಥಿಯಾಗಿಯೇ ಅಂಥ ನಿರ್ಣಯದ ಕರಡನ್ನು ಬರೆದುಕೊಡಬಹುದು.

ಕಾಗದಪತ್ರಗಳನ್ನು ಓದುವುದು

ಕಾನೂನನ್ನು ಪಠ್ಯಪುಸ್ತಕದಿಂದ ಕಲಿಯುವುದಕ್ಕಿಂತ ಒಂದು ಸಂಸ್ಥೆಯ ಕಡತದಿಂದ ಕಲಿಯುವುದು ಸುಲಭ. ಮೊದಲು ಅದು ಯಾವ ರೂಪದಲ್ಲಿ ನೋಂದಣಿಯಾಗಿದೆ ಎಂಬುದನ್ನು ನೋಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯ ಸಂಘಕ್ಕೆ ಕನಿಷ್ಠ ಏಳು ಸದಸ್ಯರು ಬೇಕು. ಅಲ್ಲಿ ಸರ್ವಸದಸ್ಯರ ಸಭೆಯೇ ಆಡಳಿತ ಮಂಡಳಿಯನ್ನು ಆರಿಸುತ್ತದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾದ ಸಾರ್ವಜನಿಕ ಟ್ರಸ್ಟಿನಲ್ಲಿ ಟ್ರಸ್ಟ್ ಪತ್ರವೇ ಎಲ್ಲವನ್ನೂ ನಿರ್ಧರಿಸುತ್ತದೆ. ಸ್ಥಾಪಕರು ಅದರಲ್ಲಿ ತಮ್ಮನ್ನು ಆಜೀವ ಟ್ರಸ್ಟಿ ಎಂದು ಬರೆದುಕೊಂಡಿದ್ದರೆ ಅವರನ್ನು ಕದಲಿಸುವುದು ಕಷ್ಟ. ಕಂಪನಿ ಕಾಯ್ದೆ, 2013ರ 8ನೆಯ ಸೆಕ್ಷನ್ನಿನ ಅಡಿಯ ಲಾಭರಹಿತ ಕಂಪನಿಗೆ ಲೆಕ್ಕಪತ್ರದ ಶಿಸ್ತು ಇನ್ನೂ ಬಿಗಿ. ಮುಖ್ಯಸ್ಥರನ್ನು ನೇಮಿಸುವ ಮತ್ತು ತೆಗೆಯುವ ಅಧಿಕಾರ ಯಾರದೆಂಬ ಪ್ರಶ್ನೆಗೆ ಬೈಲಾದಲ್ಲಿ ಉತ್ತರ ಹುಡುಕಿದರೆ ಆ ಸಂಸ್ಥೆ ಅರ್ಧ ಅರ್ಥವಾದಂತೆ.

ಅನಂತರ ಹಣದ ದಾರಿಗಳು. ಕಚೇರಿಗಳಲ್ಲಿ ದಿನವೂ ಕೇಳುವ ಟ್ವೆಲ್ವ್ ಎ ಮತ್ತು ಏಟಿ ಜಿ ಎಂಬ ಮಾತುಗಳಲ್ಲಿ ಮೊದಲನೆಯದು ಸಂಸ್ಥೆಯ ಆದಾಯಕ್ಕೆ ಸಿಗುವ ತೆರಿಗೆ ವಿನಾಯಿತಿ, ಎರಡನೆಯದು ದಾನಿಗೆ ಸಿಗುವ ವಿನಾಯಿತಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ, ಆದರೆ ಬಾಯಿಮಾತಿನಲ್ಲಿ ಹಳೆಯ ಹೆಸರುಗಳು ಇನ್ನೂ ಬಹಳ ಕಾಲ ಉಳಿಯುತ್ತವೆಂದು ನನ್ನ ಅಂದಾಜು. ಈ ವಿನಾಯಿತಿಗಳ ನೋಂದಣಿ ನಿಗದಿತ ಅವಧಿಗೆ ಮಾತ್ರ ಇರುತ್ತದೆ. ನವೀಕರಣದ ದಿನಾಂಕ ಮರೆತು ಪರದಾಡಿದ ಸಂಸ್ಥೆಗಳಿವೆ. ವಿದೇಶಿ ದೇಣಿಗೆಗೆ 2010ರ ಎಫ್‌ಸಿಆರ್‌ಎ ಕಾಯ್ದೆ ಅನ್ವಯಿಸುತ್ತದೆ. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು, ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ, ಆಡಳಿತ ವೆಚ್ಚ ಮೊದಲಿದ್ದ ಶೇಕಡಾ 50ರಿಂದ 20ಕ್ಕೆ ಇಳಿದಿದೆ. ದೊಡ್ಡ ಸಂಸ್ಥೆಯ ಆಸರೆಯಲ್ಲಿ ವಿದೇಶಿ ನೆರವು ಪಡೆಯುತ್ತಿದ್ದ ತಾಲ್ಲೂಕು ಮಟ್ಟದ ಚಿಕ್ಕ ಸಂಸ್ಥೆಗಳಿಗೆ ಆ ದಾರಿ ಮುಚ್ಚಿದ್ದು ಹೀಗೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಆಧಾರ, ಕಂಪನಿ ಕಾಯ್ದೆಯ 135ನೆಯ ಸೆಕ್ಷನ್: ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2. ಅದನ್ನು ಪಡೆಯಲು ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಮಾಡಿಸಿರಬೇಕು.

ಇನ್ನು ಸಂಬಳದ ಪ್ರಶ್ನೆ. ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ. ವರ್ಷಕ್ಕೆ 12 ಲಕ್ಷ ರೂಪಾಯಿಯ ಯೋಜನೆ, ತಿಂಗಳ ಖರ್ಚು 1 ಲಕ್ಷ, ಏಪ್ರಿಲ್‌ನಲ್ಲಿ ಆರಂಭ. ಕಂಪನಿ ಮೊದಲು ಶೇಕಡಾ 40, ಅರ್ಧವಾರ್ಷಿಕ ವರದಿಯ ನಂತರ ಶೇಕಡಾ 40, ಲೆಕ್ಕಪರಿಶೋಧನೆ ಮುಗಿದ ಮೇಲೆ ಉಳಿದ ಶೇಕಡಾ 20 ಕೊಡುತ್ತದೆ. ಮೊದಲ ಕಂತಿನ 4,80,000 ರೂಪಾಯಿ ಆಗಸ್ಟ್ ಮುಗಿಯುವ ಮೊದಲೇ ಖಾಲಿಯಾಗುತ್ತದೆ. ವರದಿ ಕೊಡಬೇಕಾದದ್ದು ಸೆಪ್ಟೆಂಬರ್ ಕೊನೆಗೆ. ಕಂಪನಿಯವರು ಅದನ್ನು ನೋಡಿ ಹಣ ಬಿಡುಗಡೆ ಮಾಡುವಷ್ಟರಲ್ಲಿ ನವೆಂಬರ್ ಬಂದಿರುತ್ತದೆ. ನಡುವಿನ 2,20,000 ರೂಪಾಯಿಯನ್ನು ಎಲ್ಲಿಂದ ತರುವುದು? ಕೊನೆಯ 2,40,000 ಕೈಗೆ ಬರುವುದು ವರ್ಷ ಮುಗಿದ ಮೇಲೆ, ಅಲ್ಲಿಯವರೆಗೆ ಅದನ್ನೂ ಸಂಸ್ಥೆಯೇ ಭರಿಸಬೇಕು. ಟ್ರಸ್ಟಿಯೊಬ್ಬರ ಕೈಗಡ, ಸಂಬಳ ತಡ, ಇಲ್ಲವೇ ಪಕ್ಕದ ಯೋಜನೆಯ ಹಣ. ಮೂರನೆಯದು ತೀರ ಸುಲಭವಾದ್ದರಿಂದ ಬಹಳ ಕಡೆ ಅದೇ ನಡೆಯುತ್ತದೆ. ಲೆಕ್ಕ ಕೆಡುವುದು ಅಲ್ಲಿಂದಲೇ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮೊದಲ ಕಂತನ್ನು ಶೇಕಡಾ 50ಕ್ಕೆ ಏರಿಸಿ, ವರದಿಯನ್ನು ಆಗಸ್ಟ್‌ನಲ್ಲೇ ಕೊಡುತ್ತೇವೆ ಎಂದು ಕೇಳುವುದಕ್ಕೆ ಧೈರ್ಯ ಬೇಕು, ಆ ಧೈರ್ಯ ಬರುವುದು ಈ ಲೆಕ್ಕವನ್ನು ಮೊದಲೇ ಮಾಡಿಕೊಂಡವರಿಗೆ. ವರ್ಷದ ಆದಾಯದಲ್ಲಿ ಶೇಕಡಾ 85ರಷ್ಟನ್ನು ಉದ್ದೇಶಕ್ಕೆ ವ್ಯಯಿಸಿ, ಉಳಿದ ಶೇಕಡಾ 15ನ್ನು ಉಳಿಸಿಕೊಳ್ಳಲು ತೆರಿಗೆ ಕಾನೂನು ಅವಕಾಶ ಕೊಡುತ್ತದೆ. ಯಾವ ಯೋಜನೆಗೂ ಕಟ್ಟುಬೀಳದ ಸಾಮಾನ್ಯ ದೇಣಿಗೆಯಿಂದ ಒಂದು ಆಪತ್ಕಾಲದ ನಿಧಿ ಬೆಳೆಸಿದ ಸಂಸ್ಥೆಗೆ ಸೆಪ್ಟೆಂಬರ್ ಬಂದರೂ ನಿದ್ದೆ ಕೆಡುವುದಿಲ್ಲ.

ಆಡಳಿತ ಮಂಡಳಿಯ ಸಭೆ

ಸಾಧ್ಯವಾದರೆ ಒಂದು ಸಭೆಯಲ್ಲಿ ಕುಳಿತು ನಡಾವಳಿ ಬರೆದುಕೊಳ್ಳಿ. ಸಾಧ್ಯವಾಗದಿದ್ದರೆ ಹಿಂದಿನ ಎರಡು ವರ್ಷದ ನಡಾವಳಿ ಪುಸ್ತಕವನ್ನು ಕೇಳಿ ಓದಿ. ಪ್ರತಿಯೊಂದು ವಿಷಯದ ಮುಂದೆಯೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಷ್ಟೇ ಇದ್ದರೆ, ಅಲ್ಲಿ ಸಭೆ ನಡೆದಿಲ್ಲ, ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದಿದೆ ಎಂದು ಅನುಮಾನಿಸಬಹುದು. ಟ್ರಸ್ಟಿಯ ಅಳಿಯನ ಜೀಪಿನ ಪ್ರಶ್ನೆಗೆ ಉತ್ತರವಿರುವುದೂ ಇದೇ ಪುಸ್ತಕದಲ್ಲಿ: ಮೂರು ಕಡೆಯಿಂದ ದರಪಟ್ಟಿ ತರಿಸಿ, ಆ ಟ್ರಸ್ಟಿ ತಮ್ಮ ಸಂಬಂಧವನ್ನು ತಿಳಿಸಿ ಚರ್ಚೆಯಿಂದ ಹೊರಗುಳಿದರೆಂದು ದಾಖಲಿಸಿದ ಮೇಲೆ ಯಾವ ಜೀಪಾದರೂ ಆದೀತು.

ಜನರು ಆಡುವ ಮಾತು

ಕರ್ನಾಟಕದಲ್ಲಿ ಈ ಕ್ಷೇತ್ರಕ್ಕೆ ಬರುವವರು ಮೈರಾಡ ಸಂಸ್ಥೆಯ ಒಂದು ಅನುಭವವನ್ನು ತಿಳಿದಿರಬೇಕು. ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಆರಂಭವಾದ ಆ ಸಂಸ್ಥೆ 1980ರ ದಶಕದಲ್ಲಿ ಗ್ರಾಮೀಣ ಬಡವರಿಗಾಗಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತ್ತು. ನಾಯಕರಲ್ಲಿ ನಂಬಿಕೆ ಕಳೆದುಕೊಂಡ ಸದಸ್ಯರು ಒಡೆದು, ತಮ್ಮತಮ್ಮಲ್ಲಿ ವಿಶ್ವಾಸವಿದ್ದವರ ಸಣ್ಣಸಣ್ಣ ಗುಂಪುಗಳಾಗಿ ಕುಳಿತರು. ಸಾಲ ತೀರಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕಲ್ಲ ಎಂದರು. ಯೋಜನಾ ವರದಿಯ ಭಾಷೆಯಲ್ಲಿ ಇದನ್ನು ವೈಫಲ್ಯವೆಂದು ಬರೆದು, ಹಳೆಯ ಸಂಘಗಳನ್ನು ಮತ್ತೆ ಜೋಡಿಸಲು ಹೊರಡಬಹುದಿತ್ತು. ಸಂಸ್ಥೆ ಹಾಗೆ ಮಾಡದೆ, ಒಡೆದ ಗುಂಪುಗಳನ್ನೇ ಒಪ್ಪಿಕೊಂಡು ಅವುಗಳ ಬೆನ್ನಿಗೆ ನಿಂತಿತು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ನಬಾರ್ಡ್‌ನ ಕಾರ್ಯಕ್ರಮ ಪ್ರಾಯೋಗಿಕವಾಗಿ ಶುರುವಾಯಿತು. ಇಂದು ಊರೂರಿನಲ್ಲಿ ವಾರಕ್ಕೊಮ್ಮೆ ಜಮಖಾನೆ ಹಾಸಿ ಕೂರುವ ಮಹಿಳಾ ಸಂಘಗಳ ಬೇರುಗಳಲ್ಲಿ ಒಂದು ಅಲ್ಲಿದೆ.

ಸರ್ಕಾರದೊಡನೆ ಕೆಲಸ ಮಾಡಲು ಬಯಸುವವರು ಯಳಂದೂರು ತಾಲ್ಲೂಕಿನ ಗುಂಬಳ್ಳಿಗೆ ಹೋಗಿಬರುವುದು ಒಳ್ಳೆಯದು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ವಹಿಸಿಕೊಂಡಿತು. ಸಂಸ್ಥೆಯದೇ ಆಸ್ಪತ್ರೆ ನಡೆಸುವುದಕ್ಕೂ ಸರ್ಕಾರದ ಆಸ್ಪತ್ರೆಯನ್ನು ಸರ್ಕಾರದ ನಿಯಮದೊಳಗೇ ನಡೆಸುವುದಕ್ಕೂ ಬೇಕಾದ ತಾಳ್ಮೆ ಬೇರೆಬೇರೆ.

ಬರಹದ ಬಗ್ಗೆ ಒಂದು ಮಾತು ಹೇಳಲೇಬೇಕು. ದಾನಿಗೆ ಇಂಗ್ಲಿಷಿನಲ್ಲಿ ಚೆಂದವಾಗಿ ವರದಿ ಬರೆಯುವವರಿಗೆ ಈ ಕ್ಷೇತ್ರದಲ್ಲಿ ಬೇಗ ಬಡ್ತಿ ಸಿಗುತ್ತದೆ, ಅದನ್ನು ಕಲಿಯಬೇಡಿ ಎಂದು ನಾನು ಹೇಳಲಾರೆ. ಆದರೆ ಅದೇ ವರದಿಯನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು, ಏನು ಆಗಲಿಲ್ಲ ಎಂಬುದನ್ನು ಬರೆದು, ಯಾರ ಹೆಸರಿನಲ್ಲಿ ಆ ಹಣ ಬಂದಿತೋ ಅವರ ಸಭೆಯಲ್ಲಿ ಓದಿಹೇಳಿ. ನಾನು ಮೊದಲ ಬಾರಿ ಹಾಗೆ ಓದಿದಾಗ ‘ಸಾಮರ್ಥ್ಯವರ್ಧನೆಗೆ 1,85,000’ ಎಂಬ ಸಾಲಿನ ಹತ್ತಿರ ಹಿರಿಯ ಹೆಂಗಸೊಬ್ಬರು ತಡೆದು, “ಅಂದ್ರೆ ಏನಪ್ಪಾ? ನಮ್ಗೆ ಏನ್ ಕೊಟ್ರಿ ಅದ್ರಲ್ಲಿ?” ಎಂದು ಕೇಳಿದರು. ಎರಡು ದಿನದ ತರಬೇತಿ, ಊಟ, ಬಸ್ ಖರ್ಚು, ಬೆಂಗಳೂರಿನಿಂದ ಬಂದ ಸಂಪನ್ಮೂಲ ವ್ಯಕ್ತಿಯ ಗೌರವಧನ ಎಂದು ಬಿಡಿಸಿ ಹೇಳುವಾಗ ನನಗೇ ನಾಚಿಕೆಯಾಯಿತು, ಏಕೆಂದರೆ ಗೌರವಧನವೇ ಅರ್ಧಕ್ಕಿಂತ ಹೆಚ್ಚಿತ್ತು. ಮರುವರ್ಷದ ಬಜೆಟ್ಟಿನಲ್ಲಿ ಆ ಸಾಲು ಬದಲಾಯಿತು. ಯಾವ ಲೆಕ್ಕಪರಿಶೋಧಕರೂ ಅದನ್ನು ಆಕ್ಷೇಪಿಸಿರಲಿಲ್ಲ. ಮುಚ್ಚಬೇಕಾದ ಸಂಜೆ ಶಾಲೆಯ ಸುದ್ದಿಯನ್ನೂ ಇಂಥ ಸಭೆಯಲ್ಲೇ, ಆರು ತಿಂಗಳ ಮೊದಲೇ, ಮುಖ್ಯಸ್ಥರೇ ಹೋಗಿ ಹೇಳಬೇಕು. ಕ್ಷೇತ್ರ ಕಾರ್ಯಕರ್ತೆಯ ತಲೆಗೆ ಆ ಕೆಲಸವನ್ನು ಕಟ್ಟಬಾರದು.

ನೌಕರರ ವಿಷಯದಲ್ಲಿ ನಮ್ಮ ಕ್ಷೇತ್ರ ಸೇವೆಯ ಹೆಸರಿನಲ್ಲಿ ಬಹಳ ಸಡಿಲವಾಗಿದೆ. ನೇಮಕಾತಿ ಪತ್ರ, ರಜೆಯ ನಿಯಮ, ಭವಿಷ್ಯ ನಿಧಿ ಇವನ್ನು ಕೇಳುವವರನ್ನು ಬದ್ಧತೆಯಿಲ್ಲದವರೆಂದು ನೋಡುವ ಕಚೇರಿಗಳಿವೆ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ, ಸ್ವಯಂಸೇವಾ ಸಂಸ್ಥೆಗಳಿಗೂ ಇದು ಅನ್ವಯ. ಮಕ್ಕಳೊಡನೆ ಕೆಲಸ ಮಾಡುವ ಸಂಸ್ಥೆಯಾದರೆ 2012ರ ಪೋಕ್ಸೊ ಕಾಯ್ದೆಯಂತೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಸಂಸ್ಥೆಯ ಹೆಸರು ಕೆಡುತ್ತದೆಂದು ಒಳಗೇ ಮುಗಿಸುವಂತಿಲ್ಲ.

ಪದವಿ ಮುಗಿದ ಮೇಲೆ ಮೊದಲ ಎರಡು ವರ್ಷವಾದರೂ ಮುಖ್ಯ ಕಚೇರಿಗೆ ಬರದೆ ಕ್ಷೇತ್ರದಲ್ಲಿ ಉಳಿಯುವ ಕೆಲಸವನ್ನೇ ಹುಡುಕಿ, ಶಿಕ್ಷಣ ಸಾಲದ ಕಂತಿದ್ದರೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ ಸಂಬಳ ಕೇಳಿ. ಸಂದರ್ಶನದ ಕೊನೆಗೆ ನಿಮಗೇನಾದರೂ ಕೇಳುವುದಿದೆಯೇ ಎಂದರೆ, ಕಳೆದ ವರ್ಷದ ಲೆಕ್ಕಪರಿಶೋಧನಾ ವರದಿಯನ್ನು ನೋಡಬಹುದೇ ಎಂದು ಕೇಳಿ. ಒಳ್ಳೆಯ ಸಂಸ್ಥೆಯವರು ಕಪಾಟಿನಿಂದ ತೆಗೆದು ಕೈಗಿಡುತ್ತಾರೆ, ಇಲ್ಲವೇ ನಮ್ಮ ಜಾಲತಾಣದಲ್ಲೇ ಇದೆಯಲ್ಲ ಎಂದು ನಗುತ್ತಾರೆ. ಅದೆಲ್ಲ ನಿಮಗೇಕೆ ಎಂದು ಯಾರಾದರೂ ಹುಬ್ಬೇರಿಸಿದರೆ, ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಎದ್ದು ಬನ್ನಿ.