ದೊಡ್ಡ ಹೋಟೆಲ್‌ನಲ್ಲಿ ಊಟ: ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ?

ಅಣ್ಣನ ಮಗಳ ಹುಟ್ಟುಹಬ್ಬಕ್ಕೆ ನಾವು ಎಂಟು ಜನ ತುಮಕೂರಿನಲ್ಲೇ ಒಂದು ದೊಡ್ಡ ಹೋಟೆಲ್‌ಗೆ ಹೋಗಿದ್ದೆವು. ಎಸಿ ಹಾಲ್, ಹಳದಿ ದೀಪ, ಬಟ್ಟೆ ನ್ಯಾಪ್‌ಕಿನ್. ಕೂತ ಐದೇ ನಿಮಿಷಕ್ಕೆ ಅಣ್ಣ ಪನೀರ್ ಬಟರ್ ಮಸಾಲಾ, ವೆಜ್ ಮಖನಿ, ಕಾಜು ಮಸಾಲಾ, ಮಶ್ರೂಮ್ ಮಸಾಲಾ, ಜೊತೆಗೆ ಹದಿನಾರು ಬಟರ್ ನಾನ್ ಒಟ್ಟಿಗೆ ಹೇಳಿಬಿಟ್ಟ. ನಾಲ್ಕು ಬಟ್ಟಲು ಬಂದವು. ಅತ್ತಿಗೆ ನಾಲ್ಕರಲ್ಲೂ ಒಂದೊಂದು ಚೂರು ನಾನ್ ಅದ್ದಿ ಬಾಯಿಗಿಟ್ಟುಕೊಂಡು, “ರೀ, ಎಲ್ಲಾ ಒಂದೇ ಥರ ಇದೆ ಅಲ್ವಾ?” ಅಂದರು. ಹೌದು, ಒಂದೇ ಥರ ಇತ್ತು. ಕೊನೆಯ ಆರು ನಾನ್‌ಗಳನ್ನು ಹರಿಯಲು ಎರಡೂ ಕೈ ಬೇಕಾಯಿತು.

ಹೊರಗೆ ಬಂದು ಎಲ್ಲರೂ ಹೋಟೆಲ್‌ಗೆ ಬೈದರು. ಅರ್ಧ ತಪ್ಪು ಮಾತ್ರ ಹೋಟೆಲಿನದು. ಉಳಿದರ್ಧ ನಾವು ಆರ್ಡರ್ ಮಾಡಿದ ರೀತಿಯದು. ಇಂಥದ್ದನ್ನು ತುಂಬ ಟೇಬಲ್‌ಗಳಲ್ಲಿ ನೋಡಿದ್ದೇನೆ.

1. ದಿನ ಆರಿಸಿ

ಭಾನುವಾರ ರಾತ್ರಿ ಬೇಡ. ವಾರದ ನಡುವೆ, ಸಂಜೆ ಏಳೂವರೆಗೆ ಹೋಗಿ. ಮೊಬೈಲ್‌ನಲ್ಲಿ ಅಭಿಪ್ರಾಯ ನೋಡುವುದಾದರೆ ಐದು ಸ್ಟಾರ್, ಒಂದು ಸ್ಟಾರ್ ಎರಡನ್ನೂ ಬಿಡಿ. ಮೂರು ಸ್ಟಾರ್ ಕೊಟ್ಟವರು ಬರೆದದ್ದನ್ನು ಓದಿ. ಅವರಿಗೆ ಪ್ರೀತಿಯೂ ಇಲ್ಲ, ಕೋಪವೂ ಇಲ್ಲ.

2. ಕೂರುವ ಮೊದಲು

ಕೈ ತೊಳೆಯುವ ನೆಪದಲ್ಲಿ ಟಾಯ್ಲೆಟ್ ನೋಡಿ ಬನ್ನಿ. ಅಲ್ಲಿ ಸೋಪು, ಒಣಗಿದ ನೆಲ ಇದ್ದರೆ ಅರ್ಧ ಧೈರ್ಯ ಬರುತ್ತದೆ. ಎಸಿ ಗಾಳಿ ನೇರ ತಟ್ಟೆಗೆ ಬೀಳುವ ಟೇಬಲ್ ಬೇಡ, ಊಟ ಬೇಗ ಆರುತ್ತದೆ. ಎದುರು ಕೂತ ಅಜ್ಜಿಯ ಜೊತೆ ದನಿ ಏರಿಸದೆ ಮಾತಾಡಲು ಆಗಬೇಕು. ತಟ್ಟೆಯಲ್ಲಿರುವುದರ ಬಣ್ಣ ಸರಿಯಾಗಿ ಕಾಣುವಷ್ಟು ಬೆಳಕಿರಬೇಕು. ಇವೆರಡೂ ಇಲ್ಲದ ಕಡೆ ಗೋಡೆ ಎಷ್ಟು ಚಂದ ಇದ್ದರೂ ನಾನು ವಾತಾವರಣ ಚೆನ್ನಾಗಿದೆ ಎನ್ನುವುದಿಲ್ಲ.

ನೀರಿನ ಬಾಟಲಿ ತೆಗೆಯುವ ಮೊದಲೇ “ಸಾದಾ ನೀರು ಕೊಡಿ” ಎಂದು ಹೇಳಿ. ಕೂತು ತಿನ್ನುವ ಹೋಟೆಲ್‌ಗಳು ಬಾಟಲಿ ನೀರಿಗೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆಮೇಲೆ ಜಗಳ ಆಡಿ ಪ್ರಯೋಜನವಿಲ್ಲ.

3. ಆರ್ಡರ್: ಎಲ್ಲರೂ ಎಡವುವುದು ಇಲ್ಲೇ

ಉತ್ತರ ಭಾರತದ ಅಡುಗೆ ಕೊಡುವ ಹೋಟೆಲ್‌ಗಳಲ್ಲಿ ಸಾಮಾನ್ಯವಾಗಿ ಮೂರು-ನಾಲ್ಕು ಮೂಲ ಗ್ರೇವಿಗಳನ್ನು ಮೊದಲೇ ಮಾಡಿ ಇಟ್ಟಿರುತ್ತಾರೆ. ಟೊಮೆಟೊ, ಬೆಣ್ಣೆಯ ಕೆಂಪು ಮಖನಿ. ಗೋಡಂಬಿ, ಈರುಳ್ಳಿಯ ಬಿಳಿ ಗ್ರೇವಿ. ಈರುಳ್ಳಿ, ಟೊಮೆಟೊ ಹುರಿದ ಕಂದು ಗ್ರೇವಿ. ಪಾಲಕ್‌ನ ಹಸಿರು. ನಾವು ಹೇಳಿದ ಮೇಲೆ ಅದರಲ್ಲೊಂದನ್ನು ಬಾಣಲೆಗೆ ಹಾಕಿ, ಪನೀರೋ ಅಣಬೆಯೋ ಸೇರಿಸಿ, ಕ್ರೀಮ್ ಬಿಟ್ಟು ಕಳಿಸುತ್ತಾರೆ. ಇದನ್ನು ಮೋಸ ಎನ್ನುವ ಹಾಗಿಲ್ಲ. ಇಪ್ಪತ್ತು ನಿಮಿಷದಲ್ಲಿ ಊಟ ಬರಬೇಕಾದರೆ ಬೇರೆ ದಾರಿ ಇಲ್ಲ. ಆದರೆ ನಾವು ನಾಲ್ಕು ಹೆಸರು ಹೇಳಿ ಒಂದೇ ಗ್ರೇವಿಗೆ ನಾಲ್ಕು ಸಲ ದುಡ್ಡು ಕೊಡಬಾರದು, ಅಲ್ವಾ?

ಆದ್ದರಿಂದ ಒಂದು ಬಣ್ಣಕ್ಕೆ ಒಂದೇ ಐಟಂ. “ಈ ಎರಡರ ಗ್ರೇವಿ ಒಂದೇನಾ?” ಎಂದು ಸಪ್ಲೈಯರ್‌ಗೆ ನೇರವಾಗಿ ಕೇಳಿ. ಕೇಳಿದರೆ ಹೇಳುತ್ತಾರೆ. “ಏನು ಚೆನ್ನಾಗಿದೆ?” ಎಂದು ಮಾತ್ರ ಕೇಳಬೇಡಿ, “ಎಲ್ಲಾ ಚೆನ್ನಾಗಿದೆ ಸರ್” ಎಂದೇ ಉತ್ತರ ಬರುತ್ತದೆ. “ಜಾಸ್ತಿ ಖರ್ಚಾಗುವುದು ಯಾವುದು?” ಎಂದು ಕೇಳಿ. ಬೇಗ ಖರ್ಚಾಗುವುದು ಫ್ರಿಜ್‌ನಲ್ಲಿ ಕೂತಿರುವುದಿಲ್ಲ.

ರೋಟಿ, ನಾನ್ ತಲೆಗೊಂದೇ ಹೇಳಿ. ಅದು ಮುಗಿಯುತ್ತಾ ಬಂದಾಗ ಮತ್ತೆ ಹೇಳಿ. ಮೈದಾ ನಾನ್ ಆರಿದರೆ ಜಿಗುಟಾಗುತ್ತದೆ, ಮೇಲೆ ಎಷ್ಟು ಬೆಣ್ಣೆ ಸವರಿದರೂ ಅಷ್ಟೇ. ನಮ್ಮ ಮನೆಗಳಲ್ಲಿ ಮುದ್ದೆಯನ್ನು ಹತ್ತು ಒಟ್ಟಿಗೆ ಕಟ್ಟಿ ಆರಲು ಬಿಡುತ್ತೇವಾ? ಇಲ್ಲವಲ್ಲ.

ಸೂಪ್, ಮಾಕ್‌ಟೇಲ್ ಎರಡೂ ಬಿಟ್ಟುಬಿಡಿ. ಕಾರ್ನ್‌ಫ್ಲೋರ್ ಗಂಜಿ ಕುಡಿದರೆ ಹಸಿವು ಸಾಯುತ್ತದೆ, ಬಾಟಲಿ ಸಿರಪ್ ಕುಡಿದರೆ ನಾಲಿಗೆಗೆ ಬೇರೆ ರುಚಿ ಹತ್ತುವುದಿಲ್ಲ.

ಕೊನೆಯದಾಗಿ, ಹೋಟೆಲ್ ಎಷ್ಟೇ ದೊಡ್ಡದಿರಲಿ, ಒಂದು ದಾಲ್ ತಡ್ಕಾ ಹೇಳಲೇಬೇಕು. ನನ್ನ ಪರೀಕ್ಷೆ ಅದೇ.

4. ರುಚಿ ನೋಡುವುದು

ನಿಂಬೆಹಣ್ಣು ಹಿಂಡಬೇಡಿ. ಈರುಳ್ಳಿ, ಉಪ್ಪಿನಕಾಯಿ ಮುಟ್ಟಬೇಡಿ. ಮೊದಲು ಒಂದು ಚಮಚ ಬರೀ ದಾಲ್ ಬಾಯಿಗೆ ಹಾಕಿಕೊಳ್ಳಿ.

ಬಟ್ಟಲು ಹತ್ತಿರ ಬಂದಾಗಲೇ ತುಪ್ಪ, ಜೀರಿಗೆ, ಬೆಳ್ಳುಳ್ಳಿ ಘಮ ಬರಬೇಕು. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದಿರಬೇಕು, ಕಪ್ಪಾಗಿದ್ದರೆ ಕಹಿ. ಅಂಚಿನಲ್ಲಿ ನೀರು ಬೇರೆ, ಬೇಳೆ ಬೇರೆ ನಿಂತಿದ್ದರೆ ಗಟ್ಟಿಯಾದ ಹಳೆ ಬೇಳೆಗೆ ಬಿಸಿನೀರು ಹಾಕಿ ಕಳಿಸಿದ್ದಾರೆ ಎಂದೇ ನಾನು ತಿಳಿಯುತ್ತೇನೆ. ಬಸ್ಸಾರು ತಿಂದು ಬೆಳೆದವರಿಗೆ ಒಗ್ಗರಣೆ ಈಗ ಹಾಕಿದ್ದೋ, ಮಧ್ಯಾಹ್ನ ಹಾಕಿದ್ದೋ ಎಂದು ಯಾರೂ ಹೇಳಿಕೊಡಬೇಕಿಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಚಟ್ನಿ ಸ್ವಲ್ಪ ಹುಳಿಯಾದರೂ ಗೊತ್ತಾಗುತ್ತದೆ. ಆ ನಾಲಿಗೆಯೇ ಇಲ್ಲೂ ಸಾಕು. ಹೆಸರು ಗೊತ್ತಿಲ್ಲದ ಅಡುಗೆ ಎಂದು ಸುಮ್ನೆ ತಲೆ ಆಡಿಸಬೇಡಿ.

ಪನೀರ್ ತುಂಡನ್ನು ಚಮಚದ ಅಂಚಿನಿಂದ ಒತ್ತಿ. ಮೆತ್ತಗೆ ಬಿರಿದರೆ ಒಳ್ಳೆಯದು. ರಬ್ಬರ್ ಹಾಗೆ ಪುಟಿದರೆ ಬೆಂದದ್ದು ಜಾಸ್ತಿಯಾಗಿರಬಹುದು, ಇಲ್ಲವೇ ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆ ಹಾಕಿದ ಅಗ್ಗದ ಮಾಲು ಇರಬಹುದು. ಕಬಾಬ್, ಗೋಬಿ ಮಂಚೂರಿ ಕುಂಕುಮದ ಹಾಗೆ ಕೆಂಪಗಿದ್ದರೆ ವಾಪಸ್ ಕಳಿಸಿ. ಎರಡಕ್ಕೂ ಕೃತಕ ಬಣ್ಣ ಹಾಕುವುದನ್ನು ನಮ್ಮ ರಾಜ್ಯ 2024ರಲ್ಲೇ ನಿಷೇಧಿಸಿದೆ.

ಸರಿಯಿಲ್ಲ ಅನ್ನಿಸಿದರೆ ಎರಡನೇ ತುತ್ತಿಗೇ ಕ್ಯಾಪ್ಟನ್‌ನನ್ನು (ಸಪ್ಲೈಯರ್‌ಗಳ ಮೇಲ್ವಿಚಾರಕ) ಕರೆದು ಮೆಲ್ಲಗೆ ಹೇಳಿ. ಬಟ್ಟಲು ಖಾಲಿ ಮಾಡಿ ಹೇಳಿದರೆ ಯಾರೂ ಕೇಳುವುದಿಲ್ಲ. ಸರ್ವಿಸ್ ಹೇಗಿದೆ ಎನ್ನುವುದೂ ಆಗಲೇ ತಿಳಿಯುತ್ತದೆ. ಒಳ್ಳೆಯ ಕಡೆ ವಾದ ಮಾಡದೆ ಬಟ್ಟಲು ತೆಗೆದುಕೊಂಡು ಹೋಗುತ್ತಾರೆ.

5. ಬಿಲ್

ಬಿಲ್‌ನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಬೇಕು. ಜಿಎಸ್‌ಟಿ ಸಾಮಾನ್ಯವಾಗಿ ಶೇ 5. ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ರೂಮ್ ಇರುವ ಹೋಟೆಲಿನ ಒಳಗೆ ತಿಂದರೆ ಶೇ 18. ಸರ್ವಿಸ್ ಚಾರ್ಜ್ ಬೇರೆ ವಿಷಯ. ನಮ್ಮನ್ನು ಕೇಳದೆ ಅದನ್ನು ಬಿಲ್‌ಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದರೆ ತೆಗೆಯಬೇಕು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆ ದುಡ್ಡನ್ನು ಬಡಿಸಿದ ಹುಡುಗನ ಕೈಗೇ ಕೊಡುವುದು ನನಗೆ ಇಷ್ಟ.

6. ಮನೆಗೆ ಬಂದ ಮೇಲೆ

ಅಭಿಪ್ರಾಯವನ್ನು ಅವತ್ತೇ ಬರೆಯಬೇಡಿ. ಮಧ್ಯರಾತ್ರಿ ಎದ್ದು ಚೊಂಬುಗಟ್ಟಲೆ ನೀರು ಕುಡಿದಿರಾ? ಹುಳಿತೇಗು ಬಂತಾ? ಬೆಳಿಗ್ಗೆ ಎಂದಿನ ಹೊತ್ತಿಗೆ ಹಸಿವಾಯಿತಾ? ಅದನ್ನೂ ಸೇರಿಸಿ ಬರೆಯಿರಿ.